ಹದಿನೇಳನೆಯ ಗೂಟ

ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ
ಬಾಟಲಿಗಳಿಗೆ ಚೀಟಿ ಅಂಟಿಸಿದ ಕೈ ಇದು.
ಆಮ್ಲ ಯಾವುದು, ಬರೀ ನೀರು ಯಾವುದು
ನಾಲಿಗೆಗೆ ಕೇಳಿ ತಿಳಿಯುವ ಸಂಗತಿಯಲ್ಲ.
ಹೀಗಾಗಿ ಹಿರೇಬೆಣಕಲ್ಲಿನ ಗುಡ್ಡದ ಬುಡದಲ್ಲಿ
ಎರಡು ರಾತ್ರಿ ಶಿಬಿರ ಎಂದಾಗ
ಹಾಡು, ಆಟ, ಭಾಷಣ ಅವರವರ ಪಾಲಿಗೆ,
ಸಾಮಾನು ನನ್ನ ಪಾಲಿಗೆ.

ಅವ್ವನ ಹಳೆಯ ಇಳಕಲ್ ಸೀರೆ ಹರಿದೆ.
ಸೆರಗಿನ ಕೆಂಪು ಅಡಿಗೆ ಚೀಲಕ್ಕೆ,
ಒಡಲಿನ ನೀಲಿ ಟಾರ್ಚು, ಸೆಲ್ಲು, ಮೇಣದಬತ್ತಿಗೆ,
ಗೋಮಿ ದಡಿಯ ತುಂಡು ಮದ್ದಿನ ಡಬ್ಬಿಗೆ.
ಉಪ್ಪಿನ ಡಬ್ಬಿಯ ಮೇಲೆ ಉಪ್ಪು ಎಂದು ಬರೆದೆ,
ಸಕ್ಕರೆಯ ಮೇಲೆ ಉಪ್ಪಲ್ಲ ಎಂದು.
ಟೆಂಟು ನಾಲ್ಕು. ಗೂಟ ಹದಿನಾರು,
ಸೋನಾಮಸೂರಿಯ ಖಾಲಿ ಚೀಲದಲ್ಲಿ,
ನಾನೊಮ್ಮೆ ಎಣಿಸಿ, ಟೆಂಪೊ ಡ್ರೈವರ್ ಪಂಪಣ್ಣನ ಕೈಲಿ
ಇನ್ನೊಮ್ಮೆ ಎಣಿಸಿ, ಸಹಿ ಹಾಕಿಸಿಕೊಂಡೆ.
"ಶಿಬಿರಕ್ಕ ಹೊಂಟೀವೋ, ಆಡಿಟ್‌ಗೆ ಹೊಂಟೀವೋ ಮೇಡಂ?"
ಖಾಜಾವಲಿ ಕೇಳಿದ. ಅವನ ಹೆಸರಿನ ಮುಂದೆ
ತಟ್ಟೆ ಒಂದು, ಲೋಟ ಒಂದು, ಚಮಚ ಒಂದು ಎಂದು ಬರೆದೆ.

ಹಗಲೆಲ್ಲ ಮೇಲೆ, ಮೋರ್ಯರ ಮನೆಗಳ ನಡುವೆ.
ಮೂರು ಚಪ್ಪಡಿ ಗೋಡೆ, ಒಂದು ಚಪ್ಪಡಿ ಸೂರು,
ಎದುರಿನ ಕಲ್ಲಿಗೆ ರೊಟ್ಟಿಯಷ್ಟು ದುಂಡನೆ ತೂತು.
ಮೊಣಕಾಲುದ್ದದ ಜನ ಇದ್ದರಂತೆ ಎಂದು ಒಬ್ಬಳು,
ಸತ್ತವರಿಗೆ ಕಟ್ಟಿದ್ದು ಎಂದು ಮೇಷ್ಟ್ರು.
ನಾನು ತೂತಿನಲ್ಲಿ ತಲೆ ಹಾಕಿ ನೋಡಿದೆ:
ಒಣಗಿದ ಎಲೆ, ಒಂದು ಓತಿಕ್ಯಾತ, ತಂಪು.
ಇಟ್ಟದ್ದು ಏನೇನು, ಒಯ್ದದ್ದು ಯಾರು,
ಇಷ್ಟು ಅಚ್ಚುಕಟ್ಟಾಗಿ ಕಟ್ಟಿದವರು
ಒಂದು ಪಟ್ಟಿ ಇಟ್ಟಿದ್ದರೆ!

ರಾತ್ರಿ ಎರಡಕ್ಕೆ ಖಾಜಾವಲಿಗೆ ಚೇಳು ಕುಟುಕಿತು.
ಕತ್ತಲಲ್ಲಿ ಕೆಂಪೂ ಕಪ್ಪು, ನೀಲಿಯೂ ಕಪ್ಪು.
ನೀಲಿ ಚೀಲದಲ್ಲಿ ಇರಬೇಕಾದ ಟಾರ್ಚು
ಮೇಷ್ಟ್ರ ತಲೆದಿಂಬಿನ ಕೆಳಗೆ, ಯಾರಿಗೂ ಹೇಳದೆ.
ನನ್ನ ಇಪ್ಪತ್ತೆರಡು ವರ್ಷ ನೆಲದ ಮೇಲೆ ತಡಕಾಡಿತು
ಬೆರಳಿಗೆ ದಡಿಯ ಒರಟು ತಾಕುವ ತನಕ.
ಅವ್ವನ ನಡುವಿಗೆ ಜೋತುಬಿದ್ದಾಗ
ಕೆನ್ನೆಗೆ ಒತ್ತುತ್ತಿದ್ದ ಅದೇ ಏರಿಳಿತ.
ಡಬ್ಬಿ ಸಿಕ್ಕಿತು. ಪಂಪಣ್ಣ ಟೆಂಪೊ ಚಾಲೂ ಮಾಡಿದ.
ಬೆಳಗಾಗುವಾಗ ಗಂಗಾವತಿ ಆಸ್ಪತ್ರೆಯಿಂದ ತಿರುಗಿ ಬಂದ ಹುಡುಗ
ಬಾತ ಕಾಲು ಚಾಚಿ ಕೂತು ಕೇಳಿದ:
"ಮೇಡಂ, ಚೇಳಿನ ಲೆಕ್ಕ ಬರಕೊಂಡ್ರೇನ್ರಿ?"

ಮೂರನೆಯ ದಿನ ಕಟ್ಟುವ ಕೆಲಸ.
ಟೆಂಟು ಬಂದ ಚೀಲಕ್ಕೆ ಮತ್ತೆ ಹೋಗುವುದಿಲ್ಲ,
ಮೂವರು ಕೂತು ಒತ್ತಿದರೂ ಒಂದು ಮೂಲೆ ಹೊರಗೆ.
ಚಮಚ ಒಂದು ಕಡಿಮೆ. ಇರಲಿ.
ಗೂಟ ಹದಿನೇಳು.

ಮತ್ತೆ ಎಣಿಸಿದೆ. ಸಾಲಾಗಿ ಇಟ್ಟು ಎಣಿಸಿದೆ.
ಕಡಿಮೆ ಬಿದ್ದರೆ ದಾರಿ ಗೊತ್ತು: ಬೈಯಬಹುದು, ಹುಡುಕಬಹುದು.
ಹೆಚ್ಚಾದದ್ದಕ್ಕೆ ಕಾಲಮ್ಮೇ ಇಲ್ಲ.
ಹದಿನಾರು ತೆಳ್ಳಗೆ, ಬೆಳ್ಳಗೆ, ಅಂಗಡಿಯವು.
ಒಂದು ಮಾತ್ರ ಕುಲುಮೆಯದು: ಗಿಡ್ಡ, ಭಾರ,
ಏಟು ತಿಂದು ತಿಂದು ನೆತ್ತಿ ಅಣಬೆಯ ಹಾಗೆ ಹರಡಿ,
ಜೋನಿಬೆಲ್ಲದ ಬಣ್ಣದ ತುಕ್ಕು.
ಹೊರಡುವ ಅವಸರದಲ್ಲಿ ಯಾರೋ ಇದನ್ನೂ ಕಿತ್ತಿದ್ದರು.

"ಕುರಿಗಾರರದು ಇರಬೇಕ್ರಿ," ಪಂಪಣ್ಣ ಅಂದ,
"ಹಟ್ಟಿ ಬಲೆ ಕಟ್ಟೋ ಗೂಟ. ಯಾ ವರ್ಷದ್ದೋ."
ಹಾಗಾದರೆ ಎಲ್ಲೋ ಒಬ್ಬ, ಕತ್ತೆಯ ಮೇಲೆ ಸಾಮಾನು ಹೇರಿ,
ಸೂರ್ಯ ಏಳುವ ಮುಂಚೆ ಬೆರಳು ಮಡಚಿ ಮಡಚಿ
ಒಂದು ಕಡಿಮೆ, ಒಂದು ಕಡಿಮೆ ಎಂದು
ನಾಯಿಯ ಮೇಲೆ ರೇಗಿರಬೇಕು.

ಎಲ್ಲರೂ ಟೆಂಪೊ ಹತ್ತಿದರು. ಹಾರ್ನು ಎರಡು ಸಲ.
ಕಟ್ಟಿಟ್ಟ ಸುತ್ತಿಗೆ ಮತ್ತೆ ಹೊರಗೆ ತೆಗೆದೆ,
ಕಿತ್ತ ಕುಳಿ ಹುಡುಕಿ, ಅಲ್ಲೇ,
ನೆಲ ಒಪ್ಪಿದಷ್ಟು ಆಳಕ್ಕೆ ಹೊಡೆದೆ.
ನೆತ್ತಿಗೆ ಕೆಂಪು ಸೆರಗಿನ ತುಂಡೊಂದು ಬಿಗಿದೆ,
ಕಾಣಲಿ ಎಂದು.

ಪಟ್ಟಿಯಲ್ಲಿ ಬರೆದದ್ದು ಇಷ್ಟು:
ಗೂಟ, ಹದಿನಾರು, ಸರಿ.
ಚಮಚ, ಒಂದು ಕಡಿಮೆ.
ಸೀರೆ ಚೂರು, ಒಂದು ಕಡಿಮೆ.
ಷರಾ ಕಾಲಮ್ಮು ಖಾಲಿ ಬಿಟ್ಟೆ.