ಅಳತೀ ಪುಸ್ತಕ

ಡಿಸೆಂಬರ್ ಮೂವತ್ತೊಂದು, ರಾತ್ರಿ ಒಂಬತ್ತೂವರಿ.
ಗುಳೇದಗುಡ್ಡದ ಬಜಾರ ಮಲಗೈತಿ,
ನನ್ನ ಶಟರ್ ಮಾತ್ರ ಮೊಣಕಾಲಮಟ ತೆರದೈತಿ.
ಅದರ ಕೆಳಗ ಹಾಯ್ದು ಚಳಿ, ಒಂದು ಬೆಕ್ಕು,
ಎದುರಿನ ಬಳಿ ಅಂಗಡಿ ಕೀಲಿ ಹಾಕೋ ಸಪ್ಪಳ,
ಮೂರೂ ಒಳಗ ಬಂದಾವ.

ಅಳತೀ ಪುಸ್ತಕದ ಕಡೀ ಹಾಳಿ.
ಹ್ವಾದ ವರ್ಷ ಇದೇ ಹೊತ್ತಿನ್ಯಾಗ ಬರದದ್ದು ಹಂಗ ಐತಿ:
"ಮುಂದಿನ ವರ್ಷ ಒಂದು ಕೌದಿ.
ಗಿರಾಕಿದಲ್ಲ. ನಂದು."
ಕೆಳಗ ಎರಡು ಗೆರಿ ಎಳದೀನಿ, ಭಾಳ ಹುರುಪಿನ್ಯಾಗ.
ಗೆರಿಯ ಕೆಳಗ ಹಾಲಿನವನ ಲೆಕ್ಕ.

ಏನೇನ ಆತು ಹಂಗಾದ್ರ?
ನಾಕನೂರಾ ಹನ್ನೊಂದು ಕುಬಸ.
ಹೊಳ್ಳಿ ಬಂದದ್ದು ಹದಿಮೂರು,
ತಪ್ಪು ನಂದಂತ ಒಪ್ಪಿದ್ದು ಐದು.
ಬಾಗವಾನರ ಮೆಹರುನ್ನಿಸಾಳ ಸುತ್ತಳತಿ ಎರಡಿಂಚು ಇಳದಿತ್ತು,
"ಡಯಟ್ ಮಾಡೇನ್ರಿ" ಅಂದ್ಳು.
ಟೇಪು ಹಿಡದವರು ಕೇಳಬಾರದು. ಕೇಳಲಿಲ್ಲ.
ಹೂಗಾರ ಮನಿ ಹುಡಿಗಿ ಯೂನಿಫಾರ್ಮು ಮೂರು ಸಲ ಬಿಚ್ಚಿ ಬಿಟ್ಟೆ,
ಮೂರನೇ ಸಲಕ್ಕ ಒಳಗ ಮಡಚಿದ ಅರಿವಿ ಮುಗೀತು,
ಅಕಿ ಬೆಳ್ಯಾದು ಮುಗೀಲಿಲ್ಲ.
ಏಪ್ರಿಲ್‌ದಾಗ ಹೊಲದಿಟ್ಟ ಇಂದೂಬಾಯಿಯವರ ಕುಬಸ
ಇನ್ನೂ ಮೊಳಿಗೆ ತೂಗತೈತಿ.
ಫೋನು ಹತ್ತಂಗಿಲ್ಲ.
ಧೂಳ ಝಾಡಿಸಿ ಮತ್ತ ಅಲ್ಲೇ ಹಾಕ್ತೀನಿ.

ಒಂದ ಕೆಲಸಕ್ಕ ಮಾತ್ರ ನನ್ನ ಬೆನ್ನ ನಾನ ತಟ್ಟಿಕೊಬೇಕು.
ಶ್ರಾವಣದಾಗ ಒಂದು ಖಣ ಗೇಣಷ್ಟು ಕಮ್ಮಿ ಬಂತು.
ಸಿಟ್ಟಿಲೆ ವಾರೆ ಹಿಡದು ಕತ್ತರಿಸಿದೆ.
ಎಡಗಡೆ ಗೆರಿ ಬಲಗಡೆ ಗೆರಿ ಬಂದು
ಬೆನ್ನಿನ ನಡುವ ಮೀನಿನ ಎಲಬಿನಂಗ ಕೂಡಿದವು.
"ಇದೇನ್ ಮಾಡೀರಿ?" ಅಂತ ಮಾರಿ ಗಂಟ ಹಾಕಿದಾಕಿ
ಎಂಟ ದಿನಕ್ಕ ತಂಗೀನ್ನ ಕರಕೊಂಡು ಬಂದ್ಳು,
ಅಕಿಗೂ ಅದೇ ಎಲುಬು ಬೇಕಂತ.
ನಾ ಹುಡುಕಿ ತಗದದ್ದಲ್ಲ,
ಅರಿವಿ ಸಾಲಲಿಲ್ಲಂತ ಆದದ್ದು.
ಆದರೂ ನಂದಂತ ಬರಕೊಂಡೀನಿ.
ಕಮ್ಮಿ ಬಿದ್ದದ್ದೂ ನನ್ನ ಕೈಯಾಗ ಅಲ್ಲೇನು?

ಇನ್ನ ಕೌದಿ.
ಮಿಷನ್ನಿನ ಡಬ್ಬಿಯಾಗಿಂದ ತಗದು ಹಾಸಿದೆ:
ಒಂದೂವರಿ ಗೇಣು.
ಖಣದ ಅಂಚು, ಇಳಕಲ್ ಸೆರಗಿನ ಚೂರು,
ಯಾರದೋ ಲಗ್ನದ ಕೆಂಪು.
ಆಗಸ್ಟದಾಗ ಇದು ಇನ್ನೂ ದೊಡ್ಡದಿತ್ತು.
ಒಂದ ರಾತ್ರಿ ದೂರ ನಿಂತು ನೋಡಿದೆ,
ಎಲ್ಲಾರ ಮನಿ ಕೌದಿಯಂಗ ಇತ್ತು,
ಚೌಕ, ಚೌಕ, ಮೂಲಿಗೊಂದು ತ್ರಿಕೋನ.
ಬಿಚ್ಚಿದೆ. ಎರಡು ರಾತ್ರಿ ಬಿಚ್ಚಿದೆ.
ಹೊಲದದ್ದಕ್ಕ ಕೂಲಿ ಐತಿ, ಪುಸ್ತಕದಾಗ ಸಾಲು ಐತಿ,
ಬಿಚ್ಚಿದ್ದನ್ನ ಎಲ್ಲಿ ಬರೀಲಿ?

ನಮ್ಮಾಯಿ ಅಂತಿದ್ದಳು, ಕೌದಿ ಉಪಾಸ ಇರಬಾರದು,
ಮೂಲ್ಯಾಗ ಒಂದು ಚೂರು ಹೋಳಗಿ ಇಟ್ಟು ಹೊಲೀಬೇಕಂತ.
ನಂದು ವರ್ಷಪೂರ್ತಿ ಉಪಾಸ,
ಡಬ್ಬಿಯಾಗ ಬಾಯಿ ತಕ್ಕೊಂಡು ಕುಂತಿತ್ತು.

ಈ ಸಲ ಪೆನ್ನಿಲೆ ಬರಿಯಂಗಿಲ್ಲ.
ಅರಿವಿಗೆ ಗುರ್ತ ಹಾಕೋ ಚಾಕಿಲೆ:
ಮಂಗಳವಾರ ಮಧ್ಯಾಹ್ನ ಗಿರಾಕಿ ಇಲ್ಲ.
ಚೌಕ ಇಲ್ಲ. ಎಲ್ಲಾ ವಾರೆ.
ಲಗ್ನದ ಸೀಜನ್ನಿನ್ಯಾಗ ಮಾತು ಮುರೀತೈತಿ, ಗೊತ್ತೈತಿ,
ಮುರದಾಗ ಕುಂತು ಅಳಬಾರದು.
ಉದ್ದ...

ಉದ್ದ ಬರಿಯಾಕ ಹೋಗಿ ಕೈ ನಿಂತತು.
ಊರಿನ ಬೆನ್ನೆಲ್ಲಾ ಈ ಪುಸ್ತಕದಾಗ ಐತಿ,
ಹನ್ನೆರಡು ವರ್ಷದ ಭುಜ, ನಡ, ರಟ್ಟಿ.
ತುಳಜಾ ಅನ್ನೋ ಹೆಸರು ಒಂದು ಹಾಳ್ಯಾಗೂ ಇಲ್ಲ.

ಬೆಕ್ಕನ್ನ ಸರಿಸಿದೆ.
ಕಸಬರಗಿ ಆಡಿಸದ ನೆಲ, ದಾರ, ಚಿಂದಿ, ಹುಕ್ಕು,
ಅದರ ನಡುವ ಉದ್ದಕ ಮಲಕೊಂಡೆ.
ನೆತ್ತಿ ಮ್ಯಾಲ ಒಂದು ಗೆರಿ, ಹಿಮ್ಮಡದ ಕೆಳಗ ಒಂದು ಗೆರಿ
(ಅದನ್ನ ಎಳಿಯಾಕ ಎದ್ದು ಕುಂಡರಬೇಕಾತು,
ಒಂಚೂರು ಮೋಸ ಆಗಿರಬೇಕು).
ಟೇಪು ಹಿಡದೆ: ನಾಕು ಅಡಿ ಹತ್ತಿಂಚು.
ಕಾಲ ಮುಚ್ಚಾಕ ಒಂದು ಗೇಣ ಕೂಡಿಸು.

ಬರದೆ: ತುಳಜಾ. ಉದ್ದ, ಐದಡಿ ಏಳಿಂಚು.
ಅಗಲ ಇನ್ನೂ ಗೊತ್ತಿಲ್ಲ.
ಬೆಕ್ಕು ಬಂದು ಎರಡು ಗೆರಿ ನಡುವ ಮಲಗೈತಿ,
ಅದನ್ನೂ ಲೆಕ್ಕಕ್ಕ ಹಿಡೀಬೇಕೋ ಏನೋ.