ಗ್ಯುಮ್ರಿಯ ಕಲ್ಲಂಗಡಿ

ನಾಲ್ಕನೇ ಸಲ ಪರದೆ ಕಪ್ಪಾಯಿತು,
ಗುರ್ಗೆನ್‌ನ ಎಡಗಿವಿಯ ಹತ್ತಿರ ಬರುವಾಗಲೇ.
ಪ್ರತಿ ಸಲವೂ ಅಲ್ಲೇ.
ಮರಳಿದಾಗ ಮುಖದ ತುಂಬ ಹಸಿರು ಗೆರೆ,
ಮೂಲೆಯಲ್ಲೊಂದು ಚೀಟಿ:
ಡ್ರೈವರ್ ಸ್ಪಂದಿಸುವುದನ್ನು ನಿಲ್ಲಿಸಿತ್ತು, ಈಗ ಚೇತರಿಸಿಕೊಂಡಿದೆ.

"ಏನಂತೆ?" ಅಂದಳು ಸೀರಾನುಷ್,
ಕೋಟು ಬಿಚ್ಚದೆ ಸ್ಟೂಲಿನ ತುದಿಗೆ ಕೂತವಳು.
ಗಂಡ ಹೋಗಿ ನಲವತ್ತು ದಿನ.
ಚೇತರಿಕೆಯ ಮಾತನ್ನು ಹೇಗೆ ಓದಿ ಹೇಳಲಿ?
"ಏನಿಲ್ಲ, ಹಳೇ ಮೆಷಿನ್ನು" ಅಂದೆ.

ಹೊಸ ಡ್ರೈವರ್ ಹಾಕಿದೆ, ಕೆಟ್ಟಿತು.
ಅದಕ್ಕಿಂತ ಹೊಸದು ಹಾಕಿದೆ, ಇನ್ನೂ ಕೆಟ್ಟಿತು.
ಸೇಫ್ ಮೋಡಿನಲ್ಲಿ ಬೇರುಸಮೇತ ಕಿತ್ತೆ.
ಪೆಟ್ಟಿಗೆ ಬಿಚ್ಚಿದರೆ ಫ್ಯಾನಿನ ರೆಕ್ಕೆಗೆಲ್ಲ ಕರಿಗಲ್ಲಿನ ಹುಡಿ,
ಹದಿಮೂರು ವರ್ಷ ನಾನು ಕೊರೆದ ಸಮಾಧಿಗಲ್ಲುಗಳ
ಮೂಗು, ಮೀಸೆ, ಇಸವಿಗಳಿಂದ ಉದುರಿದ್ದು.
ಹಲ್ಲುಜ್ಜುವ ಬ್ರಷ್ಷಿನಿಂದ ಗುಡಿಸಿದೆ. ಸೀನಿದೆ.
ಆಮೇಲೆ ಡ್ರಾಯರಿನ ತಳದಿಂದ
ಕಾರ್ಡಿನ ಜೊತೆಗೇ ಬಂದಿದ್ದ ಸಿ.ಡಿ.,
ಮೇಲೆ ಚಹಾ ಲೋಟದ ಉಂಗುರ.

ಅದನ್ನು ಮಾತ್ರ ಒಪ್ಪಿತು ಕಾರ್ಡು.
ಹಳೇ ಗಂಡನ ಪಾದವೇ ಗತಿ, ಎನ್ನಹೋಗಿ
ನಾಲಿಗೆ ಕಚ್ಚಿಕೊಂಡೆ.

ಎಂಟುನೂರು ಆರುನೂರರ ಪರದೆಯ ಮೇಲೆ
ಗುರ್ಗೆನ್ ಅಡ್ಡಕ್ಕೆ ಹಿಗ್ಗಿ ಬಂದ,
ಕೆನ್ನೆ ಉಬ್ಬಿ, ಕತ್ತೇ ಇಲ್ಲದೆ.
ಸರಿಪಡಿಸಲು ಮೌಸಿಗೆ ಕೈ ಹಾಕಿದೆ.
"ತಡಿ," ಅಂದಳು.
"ಮದುವೆಯ ವರ್ಷ ಹೀಗೇ ಇದ್ದ. ನನ್ನಮ್ಮ
ಬ್ರೆಡ್ಡಿನ ಮುದ್ದೆ ಅಂತಿದ್ದಳು."

ಕೋಟಿನ ಗುಂಡಿ ಒಂದೊಂದಾಗಿ ಬಿಚ್ಚಿದಳು.
ಎಡಗಿವಿ ದಾಟಿತ್ತು. ಫ್ಯಾನು
ಸ್ವಲ್ಪ ಗೊರಗುಟ್ಟುತ್ತ ತಿರುಗುತ್ತಲೇ ಇತ್ತು;
ಮೌಸಿನ ಮೇಲಿಟ್ಟ ಕೈಯನ್ನು
ನಾನಿನ್ನೂ ಅಲುಗಿಸಿರಲಿಲ್ಲ.