ಎಳೆ ಎಣಿಸುವ ಕನ್ನಡಿ

ಗಾಸ್‌ಫರ್ಡಿನಲ್ಲಿ ಮಾರ್ಚಿಯ ಮಳೆ ನಿಂತ ರಾತ್ರಿ
ಪರದೆ ಸರಿಸಿದ ವಚನಾ ಕೂಗಲಿಲ್ಲ.
ಸದ್ದಿಲ್ಲದೆ ಹಿಂದೆ ಹಿಂದೆ ನಡೆದು
ಮಂಚ ಹತ್ತಿ ನಿಂತಳು.
ಕೂಗಿದ್ದು ನಾನು.

ಅಂಗೈಯಗಲ. ಬೂದು ಬಣ್ಣ.
ಎಂಟೂ ಕಾಲು ಏಡಿಯ ಹಾಗೆ ಪಕ್ಕಕ್ಕೆ ಚಾಚಿ
ನಾನೇ ಹೊಲಿದ ಪರದೆಯ, ನಾನೇ ಹಿಡಿದ ನೆರಿಗೆಯಲ್ಲಿ
ಬಾಡಿಗೆ ಕೊಡದೆ ಬಿಡಾರ ಹೂಡಿತ್ತು.

ಹಗಲೆಲ್ಲ ನನಗೆ ಪರದೆ ಅಂಗಡಿಯಲ್ಲಿ ಕೆಲಸ.
ಊರಿನ ಅರ್ಧ ಕಿಟಕಿಗಳ ಅಳತೆ ಬಾಯಿಪಾಠ.
ಅವುಗಳ ಹಿಂದೆ ಯಾರಿರುತ್ತಾರೆಂದು
ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಫ್ರಿಜ್ಜಿನ ಬಾಗಿಲಿಗೆ ಹಿಂದಿನ ಬಾಡಿಗೆಯವರು ಅಂಟಿಸಿಹೋದ ಪಟ:
ಹದಿನಾರು ಜೇಡ, ಹದಿನಾರು ಹೆಸರು.
ಬೆನ್ನ ಮೇಲೆ ಕೆಂಪು ಗೀಟೆ? ಮುಟ್ಟಬೇಡಿ.
ಬಾಲದ ತುದಿ ಬಿಳಿಯೆ? ಹಾಸಿಗೆ ಕೊಡವಿ ಮಲಗಿ.
ಪಾಲಿಶ್ ಹಾಕಿದ ಬೂಟಿನಂತೆ ಕರ್ರಗೆ ಮಿರುಗುತ್ತಿದೆಯೆ?
ಇಲ್ಲಿಗೆ ಬಂದಾಗ ಪ್ರತಿಸಲವೂ
ನಾನು ಓದುವುದನ್ನು ನಿಲ್ಲಿಸುತ್ತೇನೆ.

ಗುಳೇದಗುಡ್ಡದ ನಮ್ಮ ಓಣಿಗೆ ಒಂದೇ ಶಬ್ದ ಸಾಕಾಗಿತ್ತು:
ಜೇಡ. ಅದಕ್ಕೊಂದು ಕಸಬರಿಗೆ.
ನೇಯುವವರನ್ನೂ ಜೇಡರೆಂದೇ ಕರೆಯುತ್ತಿದ್ದರಂತೆ ಒಂದು ಕಾಲಕ್ಕೆ,
ಹುಳು ಯಾವುದು, ಕುಲ ಯಾವುದು ಎಂದು
ಸಣ್ಣವಳಿದ್ದಾಗ ನನಗೆ ಗಲಿಬಿಲಿ.
ಮೂಲೆಯ ಬಲೆ ಕಂಡರೆ ಚಿಗವ್ವ ಬಾಳವ್ವ
ಗುಡಿಸುವ ಮೊದಲು ಒಂದು ಗಳಿಗೆ ನಿಂತು ನೋಡುವಳು:
"ಹಾಸು ಚಲೋ ಐತಿ. ಹೊಕ್ಕು ಸಡ್ಲ ಆಗೇತಿ."

ಪಕ್ಕದ ಮನೆಯ ಗ್ಲೆನಿಸ್ ಬಂದಳು, ಎಪ್ಪತ್ತೆಂಟರ ಮುದುಕಿ,
ನೈಟಿಯ ಮೇಲೆ ಗಂಡನ ಮಳೆಕೋಟು,
ಕೈಯಲ್ಲಿ ಐಸ್‌ಕ್ರೀಮಿನ ಖಾಲಿ ಡಬ್ಬಿ, ಒಂದು ರಟ್ಟು.
"ಹಂಟ್ಸ್‌ಮನ್, ಅಷ್ಟೆ. ಬೇಟೆಗಾರ.
ಬಲೆ ನೇಯುವವನೇ ಅಲ್ಲ."

ನೇಯದ ಜೇಡ.
ಯಾಕೋ ನಾನು ಎರಡೂ ಕೈ ಸೆರಗಿನೊಳಗೆ ಎಳೆದುಕೊಳ್ಳಲು ಹೋದೆ,
ಉಟ್ಟದ್ದು ಸೀರೆಯಲ್ಲ ಎಂಬುದನ್ನು ಮರೆತು.
ಮಗ್ಗ ಬಿಟ್ಟು ಹನ್ನೊಂದು ವರ್ಷ.

"ಅವನೇ ಎಂದು ಖಾತ್ರಿ ಹೇಗೆ?"
"ಕಣ್ಣು ಎಣಿಸು. ನಾಲ್ಕರ ಕೆಳಗೆ ನಾಲ್ಕು, ಎರಡು ಸಾಲು.
ಎಂಟೂ ಒಂದೇ ಕಡೆ ಗುಂಪುಗಟ್ಟಿದ್ದರೆ
ಮಗಳನ್ನು ಎತ್ತಿಕೊಂಡು ಓಡು."

ಹೊಲಿಗೆ ಪೆಟ್ಟಿಗೆಯ ತಳದಲ್ಲಿತ್ತು
ಚಿಗವ್ವನ ಹಿತ್ತಾಳೆ ಕನ್ನಡಿ, ಮಡಚುವಂಥದ್ದು,
ಅಂಗುಲಕ್ಕೆ ಎಷ್ಟೆಳೆ ಎಂದು
ಸಾವುಕಾರ ಬಾಯಿ ತೆರೆಯುವ ಮೊದಲೇ ಹೇಳಿಬಿಡುತ್ತಿದ್ದಳು ಅದರಿಂದ.
"ಕಣ್ಣು ಮೋಸ ಮಾಡ್ತಾವ. ಎಣಿಕಿ ಮಾಡಂಗಿಲ್ಲ."

ಗ್ಲೆನಿಸ್ ಡಬ್ಬಿ ಕವುಚಿದಳು, ನಾನು ರಟ್ಟು ತೂರಿಸಿದೆ.
ಓಡಲಿಲ್ಲ ಅದು. ಒದ್ದಾಡಲಿಲ್ಲ.
ರಟ್ಟಿನ ಮೇಲೆ ಭಾರವೇ ಇಲ್ಲ,
ಹುರಿದ ಈರುಳ್ಳಿಯ ಸಿಪ್ಪೆಯಷ್ಟು ಕೂಡ.

ಕನ್ನಡಿ ಹಿಡಿದೆ.
ಒಂದು, ಎರಡು, ಮೂರು, ನಾಲ್ಕು.
ಕೆಳಗಿನ ಸಾಲು ಐದು, ಆರು,
ಆರರಲ್ಲಿ ನಿಂತೆ. ಕಣ್ಣೊಳಗಿನಿಂದ
ಹಾಲಿನ ಟ್ಯೂಬ್‌ಲೈಟು ಕಾಣುತ್ತಿತ್ತು.
ಎಂಟೂ ಕಿಟಕಿ, ಒಳಗೆ ಯಾರೂ ಇಲ್ಲ.
ತಲೆ ಡಬ್ಬಿಯ ಮುಚ್ಚಳದ ಹಾಗೆ ತೆರೆದಿತ್ತು.

ಗ್ಲೆನಿಸ್ ನಕ್ಕಳು, ಕೆಮ್ಮು ಬರುವ ತನಕ:
"ಅವನ ಕೋಟು ಹಿಡಿದಿದ್ದೀವಿ, ಅವನನ್ನಲ್ಲ!"

ಮಂಚದ ಮೇಲಿಂದ ವಚನಾ, ಬಹಳ ಮೆತ್ತಗೆ:
"ಹಾಗಾದರೆ ಅವನೆಲ್ಲಿ?"

ಮೂವರೂ ಸೂರು ನೋಡಿದೆವು.
ಆಮೇಲೆ ಚಪ್ಪಲಿಗಳನ್ನು.
ಆಮೇಲೆ ಗ್ಲೆನಿಸ್‌ಳ ಮಳೆಕೋಟಿನ ಬೆನ್ನನ್ನು, ಅವಳಿಗೆ ಹೇಳದೆ.

ಹೆಸರು ಸಿಕ್ಕಿತು, ಪಟದಲ್ಲಿ ಏಳನೆಯದು.
ಹೆಸರಿನವನು ಒಂದು ಅಳತೆ ದೊಡ್ಡವನಾಗಿ
ಎಲ್ಲೋ ಈ ಮನೆಯೊಳಗೇ, ಇನ್ನೂ ಹಸಿ, ಇನ್ನೂ ಮೆದು,
ಯಾವ ಪಟಕ್ಕೂ ಹೋಲದ ಬಣ್ಣದಲ್ಲಿ ಆರುತ್ತಿದ್ದಾನೆ.

ದೀಪ ಆರಿಸಬೇಡ ಎಂದಳು ಮಗಳು.
ಅವನಿಗೂ ಕತ್ತಲು ಬೇಕಲ್ಲ, ಎಂದೆ,
ಹೊಸ ಮೈ ಗಟ್ಟಿಯಾಗುವ ತನಕ.

ಎಂದು, ಹಾಸಿಗೆಯನ್ನು ಎರಡು ಸಲ ಕೊಡವಿದೆ.